ಸೋರುವ ನಲ್ಲಿಯ ಪುದೀನ

ನಲ್ಲಿ ಸೋರುತ್ತಿಲ್ಲ ಎಂದು ಯಾರಾದರೂ ಪ್ಲಂಬರ್‌ಗೆ ಫೋನ್ ಮಾಡಿ ಜಗಳ ತೆಗೆದದ್ದನ್ನು ಕೇಳಿದ್ದೀರಾ? ಸೂಜಿ ಮೇಡಂ ತೆಗೆದಳು.

“ನಮ್ಮನೆ ಹಿತ್ತಲ ನಲ್ಲಿ ಮುಟ್ಟಿ ಅಂತ ನಿಮಗೆ ಯಾರು ಹೇಳಿದ್ರು?”

“ಯಾರೂ ಹೇಳಿಲ್ಲ ಮೇಡಂ.” ಆ ಕಡೆಯ ದನಿಯಲ್ಲಿ ಹೆಮ್ಮೆ ತುಂಬಿ ತುಳುಕುತ್ತಿತ್ತು. “ಬಾತ್‌ರೂಮ್ ಪೈಪಿನ ಅಂಟು ಒಣಗೋ ತನಕ ಸುಮ್ನೆ ಕೂರಬೇಕಿತ್ತಲ್ಲ. ನೋಡಿದ್ರೆ ಹಿತ್ತಲ ನಲ್ಲಿ ತೊಟ್ಟಿಕ್ತಾ ಇತ್ತು. ಹೊಸ ವಾಷರ್ ಹಾಕಿ ನಿಲ್ಲಿಸಿಬಿಟ್ಟೆ. ಅದಕ್ಕೆ ದುಡ್ಡೇನೂ ಬೇಡ.”

“ನಿಮ್ಮ ಉಪಕಾರದಿಂದ ನನ್ನ ಪುದೀನ ಸಾಯ್ತಾ ಇದೆ!”

ಆ ಕಡೆಯ ಹೆಮ್ಮೆ ಸರ್ರನೆ ಇಳಿಯಿತು. ನಂತರ ಮೆಲ್ಲಗೆ, “ಏನ್ ಸಾಯ್ತಾ ಇದೆ ಅಂದ್ರಿ?”

“ಪುದೀನ! ನಾಳೆ ಬಂದು ಮೊದಲಿದ್ದ ಹಾಗೇ ಕೆಡಿಸಿಕೊಟ್ಟು ಹೋಗಿ.”

ಸೂಜಿ ಮೇಡಂ ಎಂದರೆ ಬೀದಿಯ ತುದಿಯ ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಅವಳನ್ನು ಕಂಡರೆ ಮಕ್ಕಳು ಅಮ್ಮಂದಿರ ಹಿಂದೆ ಅಡಗುತ್ತಿದ್ದವು. ದೊಡ್ಡವರು ಅಡಗುತ್ತಿರಲಿಲ್ಲ, ರಸ್ತೆಯ ಆಚೆ ಬದಿಗೆ ದಾಟಿಕೊಳ್ಳುತ್ತಿದ್ದರು, ಅಷ್ಟೇ ವ್ಯತ್ಯಾಸ. ಮನೆಯಲ್ಲಿ ಅವಳು ಮತ್ತು ಅವಳ ಅತ್ತೆ, ಇಬ್ಬರೇ. ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಅತ್ತೆಯ ಮಗಳು ಮದುವೆಯಾಗಿ ದೂರದ ಊರಿನಲ್ಲಿದ್ದಳು.

ಆ ಹಿತ್ತಲ ನಲ್ಲಿಯನ್ನು ಅತ್ತೆ ಬೇಕೆಂದೇ ರಿಪೇರಿ ಮಾಡಿಸದೆ ಬಿಟ್ಟಿದ್ದರು. ಅದರ ಕೆಳಗೆ ಚಾಪೆಯಗಲ ಜಾಗದಲ್ಲಿ ಪುದೀನ ದಟ್ಟವಾಗಿ ಹಬ್ಬಿತ್ತು. ಪುದೀನದ ಸೆರಗು ಹಿಡಿದು ಒಂದೆಲಗ. ಗೋಡೆಯ ಬದಿಗೆ ನಿಂಬೆಹುಲ್ಲು, ಒಡೆದ ಬಕೆಟಿನಲ್ಲಿ ದೊಡ್ಡಪತ್ರೆ. ಅವುಗಳಿಗೆ ಯಾರೂ ನೀರು ಹಾಕುತ್ತಿರಲಿಲ್ಲ. ನಲ್ಲಿ ಹಾಕುತ್ತಿತ್ತು, ಹಗಲೂ ರಾತ್ರಿ, ಒಂದೊಂದೇ ಹನಿ.

ಮರುದಿನ ಸಂಜೆ ಪ್ಲಂಬರ್ ಬಂದ. ಎತ್ತರದ ಆಳು, ಬಾಗಿಲಲ್ಲಿ ತಲೆ ತಗ್ಗಿಸಿಯೇ ನಡೆದು ಅಭ್ಯಾಸವಾದವನು. ಬಾಡಿ ಮಲಗಿದ್ದ ಪುದೀನದ ಮುಂದೆ ಕುಕ್ಕರಗಾಲಲ್ಲಿ ಕೂತು ತಲೆ ಕೆರೆದುಕೊಂಡ.

“ಕೊಡದಲ್ಲಿ ನೀರು ಹಾಕಬಹುದಲ್ವಾ ಅಮ್ಮಾ?” ಎಂದು ಅತ್ತೆಯನ್ನು ಕೇಳಿದ.

“ನಿನಗೆ ಯಾರಾದ್ರೂ ಒಂದೇ ಸಲ ಒಂದು ಕೊಡ ನೀರು ಕುಡಿಸಿದ್ರೆ ಹೇಗಿರುತ್ತಪ್ಪಾ?” ಎಂದರು ಅತ್ತೆ, ಸ್ಟೂಲಿನ ಮೇಲೆ ಸಭಾಧ್ಯಕ್ಷರ ಹಾಗೆ ಕೂತು.

ಅವನು ವಾಷರ್ ಬಿಚ್ಚಿದ. ನೀರು ಭರ್ ಎಂದು ಬಂದು ಅವನ ಅಂಗಿ ತೋಯಿಸಿತು. ಬಿಗಿಮಾಡಿದ, ನಿಂತೇಹೋಯಿತು. ಮತ್ತೆ ಸಡಿಲಿಸಿದ, ಮತ್ತೆ ಭರ್.

“ಇಷ್ಟು ವರ್ಷದಲ್ಲಿ ಸೋರೋದನ್ನ ನಿಲ್ಸೋದು ಮಾತ್ರ ಕಲ್ತಿದ್ದೀನಿ ಮೇಡಂ,” ಎಂದ, ಮುಖದ ನೀರು ಒರೆಸಿಕೊಳ್ಳುತ್ತ. “ಸೋರಿಸೋದು ಯಾರೂ ಕಲಿಸಿಲ್ಲ.”

ಅವಳಿಗೆ ನಗು ಬಂತು. ಆದರೆ ಸಿಟ್ಟು ಇನ್ನೂ ಮುಗಿದಿರಲಿಲ್ಲವಾದ್ದರಿಂದ ತುಟಿ ಕಚ್ಚಿ ತಡೆದುಕೊಂಡಳು.

ಕತ್ತಲಾಗುವ ಹೊತ್ತಿಗೆ ಒಂದು ಹನಿ ಬಿತ್ತು. ಸ್ವಲ್ಪ ತಡೆದು ಇನ್ನೊಂದು. “ಹೀಗಿತ್ತಾ, ಕೇಳಿ,” ಎಂದ. ಅವಳು ಹತ್ತಿರ ಬಂದು ಕಣ್ಣು ಮುಚ್ಚಿ ಕೇಳಿದಳು. “ಇನ್ನೂ ಸ್ವಲ್ಪ ನಿಧಾನ.” ಟಕ್ ಎಂದು ಪಾನಾ ತಿರುಗಿದ ಸದ್ದು. “ಈಗ?” “ಹ್ಞೂಂ... ಹೀಗೇ.” ಕಣ್ಣು ಬಿಟ್ಟರೆ ಅವನು ಅವಳನ್ನೇ ನೋಡುತ್ತಿದ್ದ. ಸಿಕ್ಕಿಬಿದ್ದವನಂತೆ ತಟ್ಟನೆ ನಲ್ಲಿಯ ಕಡೆ ತಿರುಗಿ, ಇಲ್ಲದ ಬೋಲ್ಟನ್ನು ಬಿಗಿಮಾಡತೊಡಗಿದ. ಅವನ ಕಿವಿ ಕೆಂಪಾಗಿದ್ದದ್ದು ಆ ಮಬ್ಬು ಬೆಳಕಿನಲ್ಲೂ ಕಾಣುತ್ತಿತ್ತು.

“ಎರಡು ದಿನ ಬಿಟ್ಟು ಬಂದು ನೋಡ್ತೀನಿ,” ಎಂದ. “ಹೊಸ ವಾಷರ್ ನೋಡಿ, ಸ್ವಲ್ಪ ಹಟ ಮಾಡುತ್ತೆ.”

ವಾಷರ್ ಆ ಬೇಸಿಗೆಯಿಡೀ ಹಟ ಮಾಡಿತು. ವಾರಕ್ಕೊಮ್ಮೆಯಾದರೂ ಅವನು ಬಂದು ನಲ್ಲಿಯ ಯೋಗಕ್ಷೇಮ ವಿಚಾರಿಸುತ್ತಿದ್ದ. ಪುದೀನ ಚಿಗುರಿತು. ಅತ್ತೆ ಅವನಿಗೆ ತುದಿ ಚಿವುಟುವುದನ್ನು ಹೇಳಿಕೊಟ್ಟರು. “ಬುಡದಿಂದ ಎಳೀಬೇಡ. ತುದಿ ಮಾತ್ರ ಚಿವುಟು. ಒಂದು ತೆಗೆದ ಕಡೆ ಎರಡು ಬರುತ್ತೆ.” ಪಾನಾ ಹಿಡಿದು ಒರಟಾದ ಬೆರಳುಗಳು ಎಳೆ ಚಿಗುರನ್ನು ಅಷ್ಟು ಮೆಲ್ಲಗೆ ಹಿಡಿಯುವುದನ್ನು ಸೂಜಿ ಮೇಡಂ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು. ನೋಡುತ್ತಿದ್ದೇನೆ ಎಂದು ತನಗೇ ಗೊತ್ತಾದಾಗ ನಿಂಬೆಹಣ್ಣು ಹಿಂಡುತ್ತಿದ್ದಳು. ಹಿಂಡಿ ಹಿಂಡಿ ಶರಬತ್ತು ಹುಳಿಯಾಗುತ್ತಿತ್ತು.

“ಹೇಗಿದೆ?” ಎಂದು ಲೋಟ ಕೊಟ್ಟು ಕೇಳುವಳು.

ಅವನು ಒಂದು ಕಣ್ಣು ಮುಚ್ಚಿಕೊಂಡೇ ಕುಡಿಯುವನು. “ಚೆನ್ನಾಗಿದೆ ಮೇಡಂ. ಪುದೀನ ಇದೆ ಅಂತಲೂ ಗೊತ್ತಾಗುತ್ತೆ, ಸ್ವಲ್ಪ ಹುಡುಕಿದ್ರೆ.”

ಅತ್ತೆ ಹಲ್ಲಿಲ್ಲದ ಬಾಯಿ ತೆರೆದು ನಗುವರು. ಆ ಮನೆಯಲ್ಲಿ ಮೂರು ಜನ ಒಟ್ಟಿಗೆ ನಕ್ಕು ಎಷ್ಟು ಕಾಲವಾಗಿತ್ತೋ.

ಮಳೆಗಾಲ ಶುರುವಾದ ಮೇಲೆ ಒಂದು ಬೆಳಗ್ಗೆ ಅವನು ಲ್ಯಾಬಿಗೇ ಬಂದ. ಜ್ವರ. ಡಾಕ್ಟರ್ ರಕ್ತಪರೀಕ್ಷೆಗೆ ಬರೆದಿದ್ದರು. ಕುರ್ಚಿಯಲ್ಲಿ ಕೂತವನು ಸೂಜಿ ನೋಡುತ್ತಲೇ ಬಿಳಿಚಿಕೊಂಡ.

“ನೀವು... ಸೂಜಿ ಕಂಡ್ರೆ ಹೆದರ್ತೀರಾ?”

“ಹೆದರಿಕೆ ಅಲ್ಲ ಮೇಡಂ. ಆಗಿಬರಲ್ಲ.”

“ಕಣ್ಣು ಮುಚ್ಚಿ, ಬೇರೇನಾದ್ರೂ ಯೋಚಿಸಿ.”

ಅವನು ಕಣ್ಣು ಮುಚ್ಚಿ ಪಿಸುಗುಟ್ಟತೊಡಗಿದ. “ಅರ್ಧ ಇಂಚು... ಮುಕ್ಕಾಲು ಇಂಚು... ಒಂದು... ಒಂದೂಕಾಲು...” ಪೈಪಿನ ಅಳತೆಗಳು! ಅವಳು ನಗು ನುಂಗಿಕೊಂಡು, ತೋಳಿಗೆ ಪಟ್ಟಿ ಬಿಗಿದು ನರ ಹುಡುಕಿದಳು. ದಿನಾ ಎಷ್ಟೋ ತೋಳು ಹಿಡಿಯುವವಳು ಅವಳು. ತೋಳೆಂದರೆ ಅವಳಿಗೆ ಬರೀ ನರ. ಇವತ್ತು ಮಾತ್ರ ಬೆರಳ ಕೆಳಗಿನ ಆ ಬಿಸಿ ಅವಳ ಸ್ವಂತ ಎದೆಯವರೆಗೂ ಬಂತು. ಗುರಿ ತಪ್ಪೀತೆಂದು ಭಯವಾಗಿ, ಅವಳೂ ಒಳಗೊಳಗೇ ಅವನ ಜೊತೆ ಹೇಳಿಕೊಂಡಳು: ಒಂದೂವರೆ ಇಂಚು, ಎರಡು ಇಂಚು.

“ಆಯ್ತು. ಕಣ್ಣು ಬಿಡಿ.”

“ಚುಚ್ಚಿದ್ರಾ? ಯಾವಾಗ?”

“ನೀವು ಒಂದೂವರೆ ಇಂಚಿನಲ್ಲಿ ಇದ್ದಾಗ.”

ಅವನು ಅವಳ ಮುಖವನ್ನೇ ನೋಡಿದ. ಜ್ವರದ ಕಣ್ಣು, ಆದರೂ ಏನು ತುಂಟತನ! “ನೋವೇ ಆಗಲಿಲ್ಲ. ಇನ್ಮೇಲೆ ವಾರಕ್ಕೊಂದು ಸಲ ಬರಲಾ?”

“ಮೊದಲು ಮನೆಗೆ ಹೋಗಿ ಮಲಗಿ,” ಎಂದು ಗದರಿದಳು. ಗದರಿಕೆಯಲ್ಲಿ ಕಾರ ಸಾಲಲಿಲ್ಲ.

ಅವನ ಮನೆಯೆಂದರೆ ಹಾರ್ಡ್‌ವೇರ್ ಅಂಗಡಿಯ ಮೇಲಿನ ಒಂದು ಕೋಣೆ. ಒಂದು ಮಂಚ, ಒಂದು ಸ್ಟವ್, ಒಂದೇ ಲೋಟ. ತಂಗಿಯರ ಮದುವೆ ಮಾಡಿಸುವ ಭರಾಟೆಯಲ್ಲಿ ತನ್ನದನ್ನು ಮುಂದೂಡುತ್ತ ಬಂದವನು, ಆಮೇಲೆ ಯಾರೂ ಕೇಳದ್ದರಿಂದ ಹಾಗೇ ಉಳಿದುಬಿಟ್ಟಿದ್ದ. ಸಂಜೆ ಅತ್ತೆ ದೊಡ್ಡಪತ್ರೆಯನ್ನು ಬಾಡಿಸಿ, ಶುಂಠಿ ಜಜ್ಜಿ, ಜೇನು ಬೆರೆಸಿ ಕಷಾಯ ಮಾಡಿ ಫ್ಲಾಸ್ಕಿಗೆ ತುಂಬಿದರು. “ಡಾಕ್ಟರ್ ಮಾತ್ರೆ ತಪ್ಪಿಸಬೇಡ ಅಂತ ಹೇಳು. ಇದು ಗಂಟಲಿಗೆ, ಅದು ಜ್ವರಕ್ಕೆ,” ಎಂದು ಸೊಸೆಯ ಕೈಯಲ್ಲೇ ಕಳಿಸಿದರು. ತಾವು ಹೋಗಬಹುದಿತ್ತು. ಮೊಣಕಾಲು ನೋವು ಎಂದರು. ಮೊಣಕಾಲಿಗೆ ಆ ನೋವು ಅವತ್ತೇ ಬಂದು ಅವತ್ತೇ ಹೋಯಿತು.

ಅವನಿಗೆ ವಾಸಿಯಾದ ಮೇಲೆ ಅವಳ ಮೊಬೈಲಿಗೆ ಫೋಟೋಗಳು ಬರತೊಡಗಿದವು. ಕೆಲಸಕ್ಕೆ ಹೋದಲ್ಲೆಲ್ಲ ಚರಂಡಿಯ ಅಂಚು, ಕಾಂಪೌಂಡಿನ ಬಿರುಕು, ಖಾಲಿ ಸೈಟು, ಎಲ್ಲಿ ಹಸಿರು ಕಂಡರೂ ಒಂದು ಫೋಟೋ. ಕೆಳಗೆ ಒಂದೇ ಪ್ರಶ್ನೆ: ‘ತಿನ್ನೋದಾ, ಬಿಸಾಕೋದಾ?’

‘ಅದು ಬರೀ ಹುಲ್ಲು.’

‘ಇದು?’

‘ಅದು ಗೋಣಿಸೊಪ್ಪು. ತಿನ್ನಬಹುದು. ಆದ್ರೆ ಚರಂಡಿ ಪಕ್ಕದ್ದು ಬೇಡ!’

‘ಇದು?’

ಈ ಸಲ ಬಂದದ್ದು ಅವನದೇ ಮುಖ, ತಲೆಯ ಮೇಲೆಲ್ಲ ಒದ್ದೆ ಎಲೆ ಅಂಟಿಕೊಂಡಿದ್ದದ್ದು. ಲ್ಯಾಬಿನಲ್ಲಿ ಅವಳು ಒಬ್ಬಳೇ ನಕ್ಕದ್ದು ಕೇಳಿ, ತೋಳು ಚಾಚಿ ಕೂತಿದ್ದ ಮುದುಕರೊಬ್ಬರು ಗಾಬರಿಯಿಂದ ಎದ್ದು ನಿಂತರು.

ಅವಳು ಉತ್ತರ ಬರೆದಳು, ‘ಯೋಚಿಸಿ ಹೇಳ್ತೀನಿ.’ ಬರೆದದ್ದನ್ನು ನೋಡಿ ಅವಳಿಗೇ ನಾಚಿಕೆಯಾಯಿತು. ಆದರೆ ಅಳಿಸಲಿಲ್ಲ.

ಮಳೆ ಬಿಟ್ಟು ಚಳಿ ಇಣುಕುವ ಹೊತ್ತಿಗೆ ಅವಳ ನಾದಿನಿಯ ಫೋನ್ ಬಂತು.

“ಅತ್ತಿಗೆ, ಅಮ್ಮ ಎಲ್ಲಾ ಹೇಳಿದ್ರು, ನಿಮ್ಮ ಪ್ಲಂಬರ್ ವಿಷಯ! ನಂಗೆಷ್ಟು ಖುಷಿಯಾಯ್ತು ಗೊತ್ತಾ? ಅಣ್ಣ ಹೋದ ಮೇಲೆ ನಿಮ್ಮನ್ನ ನೋಡಿದಾಗಲೆಲ್ಲ ಕರುಳು ಚುರ್ ಅಂತಿತ್ತು. ನೀವು ಧೈರ್ಯವಾಗಿ ಹ್ಞೂಂ ಅನ್ನಿ. ಅಮ್ಮನ ಚಿಂತೆ ಬಿಟ್ಟುಬಿಡಿ, ನಾನು ಬಂದು ಕರ್ಕೊಂಡು ಹೋಗ್ತೀನಿ. ಹೊಸ ಸಂಸಾರದಲ್ಲಿ ಹಳೇ ಅತ್ತೆ ಯಾಕೆ, ಅಲ್ವಾ?”

ಮಾತಿನಲ್ಲಿ ಒಂದಿಷ್ಟೂ ಕೊಂಕಿರಲಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಳು. ಅದಕ್ಕೇ ಅವಳ ಮೇಲೆ ಸಿಟ್ಟಾಗುವುದಕ್ಕೂ ಇವಳಿಗೆ ದಾರಿಯಿರಲಿಲ್ಲ.

ಫೋನಿಟ್ಟು ಹಿತ್ತಲ ಮೆಟ್ಟಿಲ ಮೇಲೆ ಕೂತಳು. ಗಂಡ ಹೋದ ದಿನಗಳು ನೆನಪಾದವು. ಎಲ್ಲರೂ ಬಂದು ಅತ್ತು ಹೋದ ಮೇಲೆ ಮನೆಯಲ್ಲಿ ಉಳಿದದ್ದು ಎರಡು ಹೆಣ್ಣುಜೀವ. ಗೋಡೆ ನೋಡುತ್ತ ಮಲಗಿದ್ದ ಅವಳ ಮುಂದೆ ಒಂದು ಬೆಳಗ್ಗೆ ಅತ್ತೆ ನಿಂಬೆಹುಲ್ಲಿನ ಟೀ ತಂದಿಟ್ಟಿದ್ದರು. ಮಗನನ್ನು ಕಳೆದುಕೊಂಡವರು ಅವರು. ಅವರಿಗೆ ಟೀ ಮಾಡಿಕೊಡಬೇಕಾಗಿದ್ದವಳು ಇವಳು. “ಕುಡಿ. ಕುಡಿದು ಎದ್ದು ಹೋಗಿ ಆ ಲ್ಯಾಬಿನ ಕೋರ್ಸಿಗೆ ಸೇರ್ಕೊ. ನನಗೆ ಸಕ್ಕರೆ ಕಾಯಿಲೆ ಇದೆ, ಪರೀಕ್ಷೆಗೆ ಕಂಡೋರ ಹತ್ರ ಯಾಕೆ ಹೋಗಲಿ?” ಎಂದಿದ್ದರು. ಅಂದಿನಿಂದ ಬೇಸಿಗೆಗೆ ಪುದೀನ, ಮಳೆಗೆ ದೊಡ್ಡಪತ್ರೆ, ಚಳಿಗೆ ನಿಂಬೆಹುಲ್ಲು, ಓದುವ ಕಾಲಕ್ಕೆ ಒಂದೆಲಗ. ಒಂದು ಋತುವೂ ಅವಳನ್ನು ಬರಿಗೈಯಲ್ಲಿ ಹಾದುಹೋಗಲು ಅತ್ತೆ ಬಿಟ್ಟಿರಲಿಲ್ಲ. ಇಷ್ಟೆಲ್ಲ ಪಡೆದು, ಒಬ್ಬ ಗಂಡಸಿನ ತುಂಟ ಕಣ್ಣಿಗೆ ಸೋತು, ಈ ಮುದುಕಿಯನ್ನು ಅವರ ಹಿತ್ತಲಿನಿಂದ ಎಬ್ಬಿಸಿ ಕಳಿಸುವುದೇ? ಆಗದು ಎಂದುಕೊಂಡಳು. ಸಂತೋಷ ಬಿಟ್ಟೇನು, ಅತ್ತೆಯನ್ನು ಬಿಡಲಾರೆ.

ಮರುದಿನ ಅವನು ಬಂದಾಗ ಗೇಟಿನ ಬಳಿಯೇ ತಡೆದಳು. ಅವನ ಕೈಯಲ್ಲಿ ಸಬ್ಬಸಿಗೆ ಸೊಪ್ಪಿನ ಕಂತೆ, ಹೂಗುಚ್ಛದ ಹಾಗೆ ನೀಟಾಗಿ ದಾರ ಸುತ್ತಿದ್ದು.

“ಹೂ ತರೋಣ ಅಂದ್ಕೊಂಡೆ,” ಎಂದ ಅವನು. “ಅಮ್ಮ ಬೈತಾರೆ, ತಿನ್ನೋಕಾಗದ್ದನ್ನ ಯಾಕೆ ತಂದೆ ಅಂತ.”

“ಇನ್ಮೇಲೆ ಬರಬೇಡಿ,” ಎಂದಳು. ಅವನ ಮುಖ ನೋಡದೆ ಸೊಪ್ಪು ನೋಡುತ್ತ ಹೇಳಿದಳು. “ನಲ್ಲಿ ಸರಿಯಾಗೇ ತೊಟ್ಟಿಕ್ತಾ ಇದೆ.”

“ನನ್ನಿಂದ ಏನಾದ್ರೂ ತಪ್ಪಾಯ್ತಾ?”

“ಇಲ್ಲ.”

“ಮತ್ತೆ?”

ಅವಳು ತಲೆಯಾಡಿಸಿದಳು. ಬಾಯಿ ತೆರೆದರೆ ಅಳು ಬರುತ್ತಿತ್ತು. ಅವನು ಸೊಪ್ಪಿನ ಕಂತೆಯನ್ನು ಕಾಂಪೌಂಡಿನ ಮೇಲೆ ಮೆಲ್ಲಗೆ ಇಟ್ಟು ಹೊರಟುಹೋದ. ಹೋಗುವಾಗ ಗೇಟಿನ ಚಿಲಕ ಸರಿಯಾಗಿ ಬಿತ್ತೇ ಎಂದು ಒಮ್ಮೆ ಅಲ್ಲಾಡಿಸಿ ನೋಡಿದ. ಅವಳು ಕಂತೆಯನ್ನು ಎದೆಗವಚಿಕೊಂಡು ಒಳಗೆ ಬಂದಳು.

ಅತ್ತೆ ಆ ಸಬ್ಬಸಿಗೆಯಿಂದ ಸೂಪು ಮಾಡಿದರು. ಸೊಸೆ ಅರ್ಧ ಬಟ್ಟಲು ಬಿಟ್ಟಳು. ಮರುದಿನವೂ ಬಿಟ್ಟಳು. ಅತ್ತೆ ಏನೂ ಕೇಳಲಿಲ್ಲ. ಮಾತೇ ನಿಲ್ಲದ ಆ ಹೆಂಗಸು ಏನೂ ಕೇಳದಿದ್ದದ್ದೇ ಅನುಮಾನಕ್ಕೆ ಎಡೆಕೊಡಬೇಕಿತ್ತು.

ಭಾನುವಾರ ಬೆಳಗ್ಗೆ ಅಡುಗೆಮನೆಯ ಸಿಂಕು ಕಟ್ಟಿಕೊಂಡಿತು. ನೀರು ಒಂದಿಷ್ಟೂ ಇಳಿಯದು. ಸೂಜಿ ಮೇಡಂ ಕಡ್ಡಿ ಹಾಕಿದಳು, ಬಿಸಿನೀರು ಸುರಿದಳು. ಊಹೂಂ.

“ಬೇರೆ ಯಾರಾದ್ರೂ ಪ್ಲಂಬರ್ ಇದ್ದಾರಾ ವಿಚಾರಿಸ್ತೀನಿ,” ಎಂದಳು.

“ವಿಚಾರಿಸೋದು ಯಾಕೆ? ಫೋನ್ ಮಾಡಿ ಆಯ್ತು. ದಾರೀಲಿದ್ದಾನೆ,” ಎಂದರು ಅತ್ತೆ, ಕನ್ನಡಕ ಒರೆಸುತ್ತ.

ಅವನು ಬಂದ. ಅವಳಿಗೆ ಬರೀ ತಲೆಯಾಡಿಸಿ, ಬಕೆಟ್ ಇಟ್ಟು, ಸಿಂಕಿನ ಕೆಳಗೆ ಮಲಗಿ ಬಾಗಿದ ಪೈಪು ಬಿಚ್ಚಿದ. ಒಳಗೆ ಬೆರಳು ಹಾಕಿದ. ಮೆಲ್ಲಗೆ ಎಳೆದ. ಹೊರಗೆ ಬಂದದ್ದು ಸಬ್ಬಸಿಗೆಯ ದಂಟುಗಳು, ಹಳೆಯ ಬಟ್ಟೆಯಲ್ಲಿ ಸುತ್ತಿ ಮೇಲೆ ಗಂಟು ಹಾಕಿದ್ದು.

ಅವನು ಮಲಗಿದಲ್ಲಿಂದಲೇ ಅದನ್ನು ಎತ್ತಿ ಹಿಡಿದ. “ಅಮ್ಮಾ, ಇದೇನು?”

“ಅಯ್ಯೋ, ವಯಸ್ಸಾಯ್ತಲ್ಲಪ್ಪಾ. ಕೈತಪ್ಪಿ ಬಿದ್ದಿರಬೇಕು.”

“ಕೈತಪ್ಪಿ ಬೀಳುವಾಗ ಗಂಟು ಹಾಕ್ಕೊಂಡು ಬೀಳುತ್ತಾ ಅಮ್ಮಾ?”

ಎಷ್ಟು ತಡೆದರೂ ಸೂಜಿ ಮೇಡಂಗೆ ನಗು ಉಕ್ಕಿಬಂತು. ನಕ್ಕಳು, ನಗುನಗುತ್ತಲೇ ಅಳತೊಡಗಿದಳು. ಅವನು ಗಾಬರಿಯಾಗಿ ಏಳಲು ಹೋಗಿ ಸಿಂಕಿಗೆ ಹಣೆ ಚಚ್ಚಿಕೊಂಡ. ಎದ್ದು ಕೂತು, ಒದ್ದೆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಗಾಳಿಯಲ್ಲೇ ಹಿಡಿದುಕೊಂಡಿದ್ದ.

“ನಾನು ಒಂದೇ ಸಲ ಹೇಳ್ತೀನಿ ಮೇಡಂ. ಬೇಡ ಅಂದ್ರೆ ಪೈಪ್ ಜೋಡಿಸಿ ಹೊರಟುಹೋಗ್ತೀನಿ. ನಿಮ್ಮನ್ನ ಕಂಡ್ರೆ ನನಗೆ ತುಂಬಾ ಇಷ್ಟ. ಆ ನಲ್ಲಿ ಮೊದಲನೇ ದಿನವೇ ಸರಿಹೋಗಿತ್ತು. ಆಮೇಲೆಲ್ಲ ಬರ್ತಿದ್ದದ್ದು ನಿಮ್ಮನ್ನ ನೋಡೋಕೆ.”

“ನನಗೆ ಗೊತ್ತಿರಲಿಲ್ವಾ?” ಎಂದಳು, ಮೂಗೊರೆಸಿಕೊಳ್ಳುತ್ತ. “ಅದಕ್ಕೇ ಅಲ್ವಾ ಶರಬತ್ತು ಅಷ್ಟು ಹುಳಿಯಾಗ್ತಿದ್ದದ್ದು? ನನಗೂ ನೀವು ಇಷ್ಟ. ಆದ್ರೆ ನನಗೆ ಇವರನ್ನ ಬಿಟ್ಟು ಬರೋಕಾಗಲ್ಲ. ನಾನು ಮದುವೆ ಆದ್ರೆ ಇವರನ್ನ ಮಗಳು ಕರ್ಕೊಂಡು ಹೋಗ್ತಾಳಂತೆ. ನನ್ನ ಬದುಕನ್ನ ನೆಲದಿಂದ ಎತ್ತಿ ನಿಲ್ಲಿಸಿದೋರು ಇವರು. ಇವರು ಇಲ್ಲದ ಮನೇಲಿ ನಾನು ಯಾವ ಮುಖ ಇಟ್ಕೊಂಡು ಸುಖವಾಗಿರಲಿ?”

ಅತ್ತೆಯ ಸ್ಟೂಲು ಕಿರುಗುಟ್ಟಿತು.

“ಅಂದ್ರೆ ನೀವಿಬ್ಬರೂ, ನೀನು, ನನ್ನ ಮಗಳು, ಫೋನಲ್ಲಿ ನನ್ನನ್ನ ಹಂಚ್ಕೊಂಡ್ರಾ? ನಾನೇನು ಹಳೇ ಪಾತ್ರೇನೇನೇ, ನೀನಿಟ್ಕೊ ನಾನಿಟ್ಕೊ ಅನ್ನೋಕೆ? ನನ್ನನ್ನ ಒಂದು ಮಾತು ಕೇಳಿದ್ರಾ?”

“ಅತ್ತೆ, ಹಾಗಲ್ಲ...”

“ಸುಮ್ನಿರು, ನಾನಿನ್ನೂ ಮುಗಿಸಿಲ್ಲ. ನೀನು ನನಗೋಸ್ಕರ ಇವನನ್ನ ಬೇಡ ಅಂದ್ರೆ, ದಿನಾ ಬೆಳಗ್ಗೆ ನಿನ್ನ ಸಪ್ಪೆ ಮುಖ ನೋಡ್ಕೊಂಡು ನಾನು ಟೀ ಕುಡೀಬೇಕಾ? ನನ್ನ ಮಗ ಹೋದಾಗ ನೀನೂ ತವರಿಗೆ ಹೋಗಬಹುದಿತ್ತು. ನಿನ್ನ ಅಮ್ಮ ಕರೆಯೋಕೆ ಬಂದಿದ್ರು, ಬಾಗಿಲ ಹಿಂದೆ ನಿಂತು ಕೇಳಿಸ್ಕೊಂಡಿದ್ದೀನಿ. ಅತ್ತೆ ಒಬ್ಬರೇ ಆಗ್ತಾರೆ ಅಂದೆ ನೀನು. ನಾನು ನಿನ್ನನ್ನ ಎತ್ತಿ ನಿಲ್ಲಿಸಿದೆ ಅಂತೀಯಲ್ಲ, ನೀನು ಇದ್ದೆ ಅಂತಲೇ ಕಣೇ ನಾನು ಒಲೆ ಹಚ್ಚಿದ್ದು. ಇಲ್ಲದಿದ್ರೆ ಯಾರಿಗೆ ಟೀ ಮಾಡ್ತಿದ್ದೆ?” ಗಂಟಲು ಸರಿಮಾಡಿಕೊಂಡು ಪ್ಲಂಬರ್‌ನ ಕಡೆ ತಿರುಗಿದರು. “ಏನಪ್ಪಾ, ನಾನು ಈ ಮನೆ ಬಿಟ್ಟು ಕದಲಲ್ಲ. ಇವಳು ನನ್ನ ಬಿಟ್ಟು ಕದಲಲ್ಲ. ಹಾಗಾದ್ರೆ ಕದಲಬೇಕಾದೋನು ಯಾರು?”

ಅವನು ಹಣೆಯ ಬುಗುಟು ಉಜ್ಜಿಕೊಳ್ಳುತ್ತ ಒಮ್ಮೆ ಅವಳನ್ನು, ಒಮ್ಮೆ ಅತ್ತೆಯನ್ನು ನೋಡಿದ. ಅವನ ಮುಖದಲ್ಲಿ ನಗು ಮೆಲ್ಲಗೆ ಹರಡಿಕೊಂಡಿತು.

“ನನ್ನ ಹತ್ರ ಇರೋದು ಒಂದು ಲೋಟ ಅಮ್ಮಾ. ತಗೊಂಡು ಬಂದುಬಿಡ್ತೀನಿ.”

“ಮನೆ ಅಳಿಯ ಅಂತ ಬೀದಿಯವರೆಲ್ಲ ಆಡ್ಕೊಂಡು ನಗ್ತಾರೆ, ನಾಚಿಕೆ ಆಗಲ್ವಾ?”

“ನಗೋರ ಮನೆ ಪೈಪು ಯಾವತ್ತೋ ಒಂದು ದಿನ ಒಡೆಯುತ್ತೆ ಅಮ್ಮಾ. ಆಗ ನನಗೇ ಫೋನ್ ಮಾಡಬೇಕು.”

ಅತ್ತೆ ತೊಡೆ ತಟ್ಟಿಕೊಂಡು ನಕ್ಕರು. ಸೂಜಿ ಮೇಡಂ ನೆಲದ ಮೇಲೆ, ಆ ಬಕೆಟ್ಟು ಪೈಪುಗಳ ನಡುವೆಯೇ ಕುಸಿದು ಕೂತಳು. ಗಾಳಿಯಲ್ಲಿ ತೇಲುತ್ತಿದ್ದ ಅವನ ಒದ್ದೆ ಕೈಯನ್ನು ಹಿಡಿದುಕೊಂಡಳು. ಕೈ ತಣ್ಣಗಿತ್ತು, ಸಬ್ಬಸಿಗೆಯ ವಾಸನೆ ಹೊಡೆಯುತ್ತಿತ್ತು. ಅವನು ಅವಳ ಬೆರಳುಗಳನ್ನು ಒಂದೊಂದಾಗಿ ತನ್ನ ಬೆರಳುಗಳ ನಡುವೆ ಸೇರಿಸಿಕೊಂಡ. ಅವಳು ಕೈ ಬಿಡಿಸಿಕೊಳ್ಳಲಿಲ್ಲ.

ಹಾಗೇ ಕೈ ಹಿಡಿದುಕೊಂಡೇ ಅವಳು ತಲೆಯೆತ್ತಿ ಆ ಮುದುಕಿಯನ್ನು ನೋಡಿದಳು. ಇಷ್ಟು ವರ್ಷ ಹೇಳದೆ ಉಳಿದದ್ದೆಲ್ಲ ಒಟ್ಟಿಗೆ ನಾಲಿಗೆಗೆ ಬಂದು, ಕೊನೆಗೆ ಒಂದೇ ಒಂದು ಮಾತಾಗಿ ಹೊರಬಿತ್ತು.

“ಅಮ್ಮಾ...”

ಅತ್ತೆ ಹುಬ್ಬು ಗಂಟಿಕ್ಕಿದರು. “ಅದೇನೇ ಹೊಸದಾಗಿ? ನನ್ನನ್ನ ಅಮ್ಮ ಅನ್ನೋರು ಬೇಕಾದಷ್ಟು ಜನ ಇದ್ದಾರೆ. ತರಕಾರಿ ಮಾರೋನೂ ಅಮ್ಮ ಅಂತಾನೆ. ನೀನು ಅತ್ತೆ ಅನ್ನು. ಬಾಗಿಲಲ್ಲಿ ಚಪ್ಪಲಿ ಬಿಡ್ತಾ ನೀನು ಅತ್ತೆ ಅಂತ ಕೂಗಿದಾಗಲೇ ಕಣೇ ನನಗೆ ಮಗಳು ಮನೆಗೆ ಬಂದ ಹಾಗಾಗೋದು.”

“ಅತ್ತೆ,” ಎಂದಳು ಅವಳು.

“ಹ್ಞಾಂ,” ಎಂದರು ಅತ್ತೆ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. “ಈಗ ಹೇಳು, ಏನು?”